ಕಣ್ಣಿಗೆ ಕಂಡದ್ದು ಎದೆಗೇಕೆ ಇಳಿಯಿತು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯಗಳನ್ನು ಕುರಿತವು. ಒಂದು, ಸ್ಪೈಡರ್-ಮ್ಯಾನ್ ಆನಿಮೇಷನ್ ಚಿತ್ರಗಳು: 2018ರ ‘ಇಂಟು ದ ಸ್ಪೈಡರ್-ವರ್ಸ್’ ಮತ್ತು ನಮ್ಮ ದೇಶದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡ 2023ರ ‘ಅಕ್ರಾಸ್ ದ ಸ್ಪೈಡರ್-ವರ್ಸ್’. ಇನ್ನೊಂದು, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರ. ಇವುಗಳ ಜೊತೆಗೆ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನನ್ನು ಕುರಿತು ಎಣ್ಣೆಬಣ್ಣದಲ್ಲೇ ಬಿಡಿಸಿದ ‘ಲವಿಂಗ್ ವಿನ್ಸೆಂಟ್’ ಸಿನಿಮಾದ ಬಗ್ಗೆಯೂ ಕೆಲವರು ಬರೆದಿದ್ದಾರೆ. ಅತ್ತುಬಿಟ್ಟೆ ಎಂದವರು, ಮೈ ಜುಮ್ಮೆಂದಿತು ಎಂದವರು, ಏನೂ ಅನ್ನಿಸಲಿಲ್ಲ ಎಂದವರು ಎಲ್ಲರೂ ಕೊನೆಗೆ ಕೇಳಿರುವುದು ‘ಯಾಕೆ?’ ಎಂದು. ಆ ‘ಯಾಕೆ’ಗೆ ಉತ್ತರ ಬಹುಪಾಲು ತೆರೆಯ ಮೇಲೆ, ಕಾಗದದ ಮೇಲೆ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ಹುಡುಕುವ ದಾರಿ ಗೊತ್ತಿರಬೇಕು, ಅಷ್ಟೆ. ಉತ್ತರಗಳಲ್ಲಿ ಕಥೆಯ ತಿರುವುಗಳು ಬಂದಿವೆ. ಇನ್ನೂ ನೋಡದವರು ಗಮನಿಸಿ.

ಪ್ರಶ್ನೆ: ‘ಇಂಟು ದ ಸ್ಪೈಡರ್-ವರ್ಸ್’ನಲ್ಲಿ ಮೈಲ್ಸ್ ಎಂಬ ಹುಡುಗ ಎತ್ತರದ ಕಟ್ಟಡದಿಂದ ಹಾರುವ ದೃಶ್ಯ ಬಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅವನು ಸಾಯುವುದಿಲ್ಲ ಎಂದು ಮೊದಲೇ ಗೊತ್ತು. ಸೂಪರ್‌ಹೀರೋ ಸಿನಿಮಾಕ್ಕೆ ಅಳುವುದು ಮಕ್ಕಳಾಟ ಎಂದು ಗೆಳೆಯರು ಹೇಳುತ್ತಾರೆ. ಹೌದೇ?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮಕ್ಕಳಾಟವಲ್ಲ. ಆ ದೃಶ್ಯದ ಕೆಲಸ ಸುಮಾರು ಒಂದು ಗಂಟೆ ಮೊದಲೇ ಶುರುವಾಗಿರುತ್ತದೆ, ಮತ್ತು ಅದರ ಬಹುಭಾಗ ನಿಮ್ಮ ಅರಿವಿಗೆ ಬಾರದಂತೆ ನಡೆದಿರುತ್ತದೆ.

ಮೊದಲನೆಯದು ಚಲನೆಯ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಸಾಮಾನ್ಯ ಕಂಪ್ಯೂಟರ್ ಆನಿಮೇಷನ್‌ನಲ್ಲಿ ಪ್ರತಿ ಫ್ರೇಮಿಗೂ ಪಾತ್ರದ ಭಂಗಿ ಬದಲಾಗುತ್ತದೆ. ಈ ಚಿತ್ರದ ಬಹುಭಾಗದಲ್ಲಿ ಒಂದು ಭಂಗಿಯನ್ನು ಎರಡು ಫ್ರೇಮ್ ಹಿಡಿದಿಡಲಾಗಿದೆ, ಅಂದರೆ ಸೆಕೆಂಡಿಗೆ 12 ಭಂಗಿ. ಆನಿಮೇಟರುಗಳು ಇದನ್ನು ‘ಆನ್ ಟೂಸ್’ ಎನ್ನುತ್ತಾರೆ, ಪ್ರತಿ ಫ್ರೇಮಿಗೂ ಬದಲಾದರೆ ‘ಆನ್ ಒನ್ಸ್’. ಕಾಡಿನಲ್ಲಿ ಮೈಲ್ಸ್ ಮತ್ತು ಹಿರಿಯ ಸ್ಪೈಡರ್-ಮ್ಯಾನ್ ಪೀಟರ್ ಬಲೆ ಎಸೆಯುತ್ತ ತಪ್ಪಿಸಿಕೊಳ್ಳುವ ದೃಶ್ಯ ತೆಗೆದು ನೋಡಿ. ಪೀಟರ್ ಒನ್ಸ್‌ನಲ್ಲಿ ನಯವಾಗಿ ತೇಲುತ್ತಾನೆ, ಪಕ್ಕದಲ್ಲೇ ಮೈಲ್ಸ್ ಟೂಸ್‌ನಲ್ಲಿ ತಡವರಿಸುತ್ತಾನೆ. ಹುಡುಗನಿಗೆ ಇನ್ನೂ ಕೈಬಂದಿಲ್ಲ ಎನ್ನುವುದು ಮಾತಿಲ್ಲದೆ ನಿಮ್ಮ ಕಣ್ಣಿಗೆ ತಲುಪಿತು. ಅವನಿಗೆ ಧೈರ್ಯ ಬಂದ ಮೇಲೆ ಅವನ ಚಲನೆಯೂ ನಯವಾಗುತ್ತದೆ.

ಎರಡನೆಯದು ಬಾಗಿಲ ದೃಶ್ಯ. ಹಾರುವುದಕ್ಕೆ ಸ್ವಲ್ಪ ಮೊದಲು ಹಾಸ್ಟೆಲ್ ಕೋಣೆಯಲ್ಲಿ ಮೈಲ್ಸ್ ಕುರ್ಚಿಗೆ ಬಲೆಯಲ್ಲಿ ಬಿಗಿಯಲ್ಪಟ್ಟಿದ್ದಾನೆ, ಬಾಯಿಯೂ ಮುಚ್ಚಿದೆ. ಹೊರಗಡೆ ಅಪ್ಪ ನಿಂತು ಮಾತನಾಡುತ್ತಾನೆ. ಮಗ ಉತ್ತರಿಸಲಾರ, ಮಾತು ಬೇಡವೆನ್ನಿಸಿದೆ ಎಂದು ಅಪ್ಪ ತಿಳಿದುಕೊಳ್ಳುತ್ತಾನೆ. ಆಗ ಗಂಟಲಲ್ಲಿ ಸಿಕ್ಕಿಕೊಂಡದ್ದಕ್ಕೆ ಹೊರಬರಲು ದಾರಿ ಸಿಗುವುದು ಹಾರಿದಾಗಲೇ. ನಿಮ್ಮ ಗಂಟಲು ಕಟ್ಟುವುದು ಎತ್ತರವನ್ನು ಕಂಡು ಅಲ್ಲ, ಆ ಬಾಗಿಲಿನಿಂದ ಎಂದು ನಮಗನ್ನಿಸುತ್ತದೆ.

ಮೂರನೆಯದು ಗಾಜು. ಹೆದರಿದಾಗ ಮೈಲ್ಸ್‌ನ ಬೆರಳು ಮುಟ್ಟಿದ್ದಕ್ಕೆ ಅಂಟಿಕೊಳ್ಳುತ್ತದೆ ಎಂದು ಚಿತ್ರ ಮೊದಲೇ ತೋರಿಸಿದೆ. ಹಾರುವಾಗ ಕಟ್ಟಡದ ಗಾಜು ಒಡೆದು ಚೂರುಗಳು ಅವನ ಬೆರಳಿಗೇ ಅಂಟಿ ಬರುತ್ತವೆ. ಅಂದರೆ ಭಯ ಹೋಗಿಲ್ಲ, ಭಯ ಇರುವಾಗಲೇ ಹಾರಿದ್ದಾನೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಮರುಕ್ಷಣ ಕ್ಯಾಮೆರಾ ತಲೆಕೆಳಗಾಗುತ್ತದೆ, ನಗರ ಮೇಲಿದೆ, ಹುಡುಗ ಅದರ ಕಡೆಗೆ ಏರುತ್ತಿರುವಂತೆ ಕಾಣುತ್ತಾನೆ. ಬೀಳುವುದನ್ನೇ ಏರುವುದಾಗಿ ತೋರಿಸಿದ ಆ ಒಂದು ಶಾಟ್‌ಗಾಗಿ ಇಡೀ ಚಿತ್ರ ನೋಡಬಹುದು.

ಪರೀಕ್ಷಿಸಬೇಕಾದರೆ ಯೂಟ್ಯೂಬ್‌ನಲ್ಲಿರುವ ಚಿತ್ರದ ತುಣುಕನ್ನು ಕಂಪ್ಯೂಟರಿನಲ್ಲಿ ತೆರೆದು ನಿಲ್ಲಿಸಿ, ಕೀಬೋರ್ಡಿನ ಪೂರ್ಣವಿರಾಮದ ಗುಂಡಿ ಒತ್ತಿ. ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಅಲ್ಪವಿರಾಮದ ಗುಂಡಿ ಹಿಂದಕ್ಕೆ ಒಯ್ಯುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಾದರೆ ‘ಇ’ ಅಕ್ಷರದ ಗುಂಡಿ. ಎರಡು ಸಲ ಒತ್ತಿದಾಗ ಒಮ್ಮೆ ಮಾತ್ರ ಭಂಗಿ ಬದಲಾದರೆ ಅದು ಟೂಸ್.

ಪ್ರಶ್ನೆ: ಅದೇ ಚಿತ್ರವನ್ನು ಮನೆಯ ಹೊಸ ಟಿವಿಯಲ್ಲಿ ಹಾಕಿದರೆ ಥಿಯೇಟರಿನ ಮಜಾ ಬರಲೇ ಇಲ್ಲ. ಎಲ್ಲವೂ ಜಾರಿದಂತೆ, ಧಾರಾವಾಹಿಯಂತೆ ಕಾಣುತ್ತದೆ. ಪ್ರಿಂಟ್ ಬೇರೆಯೇ?
– ಓದುಗರು, ಹಾಸನ

ಉತ್ತರ: ಪ್ರಿಂಟ್ ಒಂದೇ, ಟಿವಿ ಕೈಯಾಡಿಸುತ್ತಿದೆ. ಹೊಸ ಟಿವಿಗಳು ಎರಡು ಫ್ರೇಮುಗಳ ನಡುವೆ ತಾವೇ ಊಹಿಸಿದ ಫ್ರೇಮುಗಳನ್ನು ತುರುಕಿ ಚಲನೆಯನ್ನು ನುಣುಪು ಮಾಡುತ್ತವೆ. ಕ್ರಿಕೆಟ್‌ಗೆ ಇದು ಸರಿ. ಆದರೆ ಆನಿಮೇಟರು ಬೇಕೆಂದೇ ಹಿಡಿದಿಟ್ಟ ಭಂಗಿಯನ್ನು ಇದು ಅಳಿಸಿಬಿಡುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಪೀಟರ್-ಮೈಲ್ಸ್ ವ್ಯತ್ಯಾಸ ಆಗ ಮಸುಕಾಗುತ್ತದೆ. ವೇಗದ ದೃಶ್ಯಗಳಲ್ಲಿ ಕೈಕಾಲಿನ ಅಂಚಿನ ಸುತ್ತ ನೀರಿನ ಹಾಗೆ ಕಲಸಿದ ಗುರುತು ಕಂಡರೆ ಅದು ಟಿವಿಯ ತಪ್ಪು ಊಹೆ.

ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ವಿಭಾಗಕ್ಕೆ ಹೋಗಿ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’ (ಹಳೆಯ ಸೆಟ್‌ಗಳಲ್ಲಿ ‘ಆಟೋ ಮೋಷನ್ ಪ್ಲಸ್’) ಎಂದಿರುತ್ತದೆ. ಅದನ್ನು ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದನ್ನೇ ಆರಿಸಿದರೂ ಸಾಕು. ಕೆಲವು ಟಿವಿಗಳಲ್ಲಿ ಸೆಟ್-ಟಾಪ್ ಬಾಕ್ಸ್‌ಗೆ ಬೇರೆ, ಒಳಗಿನ ಆ್ಯಪ್‌ಗಳಿಗೆ ಬೇರೆ ಸೆಟ್ಟಿಂಗ್ ಇರುವುದರಿಂದ ಸಿನಿಮಾ ಓಡುತ್ತಿರುವಾಗಲೇ ಬದಲಾಯಿಸಿ.

ಪ್ರಶ್ನೆ: ಥಿಯೇಟರಿನಲ್ಲಿ ಹಿನ್ನೆಲೆಯ ಕಟ್ಟಡಗಳ ಅಂಚಿನಲ್ಲಿ ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಸರಿದಂತೆ ಕಾಣುತ್ತಿತ್ತು. ತ್ರೀಡಿ ಕನ್ನಡಕ ಕೊಡಲು ಮರೆತರು ಎಂದುಕೊಂಡೆ. ಪ್ರೊಜೆಕ್ಟರ್ ದೋಷವೇ?
– ಓದುಗರು, ಹುಬ್ಬಳ್ಳಿ

ಉತ್ತರ: ದೋಷವಲ್ಲ, ಬೇಕೆಂದೇ ಮಾಡಿದ್ದು. ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಒಂದೇ ಹಾಳೆ ನೀಲಿ, ಕೆಂಪು, ಹಳದಿ, ಕಪ್ಪು ಪ್ಲೇಟುಗಳಡಿ ನಾಲ್ಕು ಸಲ ಹಾಯುತ್ತದೆ. ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಣ್ಣದ ಗೆರೆ ಹೊರಚಾಚುತ್ತದೆ. ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರ್ ಇದ್ದರೆ ತೆಗೆದು ನೋಡಿ. ಅಗ್ಗದ ಕಾಗದದ ಕಾಮಿಕ್ಸ್‌ನಲ್ಲಿ ಇದು ಸಾಮಾನ್ಯವಾಗಿತ್ತು. ಕ್ಯಾಮೆರಾ ಫೋಕಸ್ ತಪ್ಪಿದ ಹಿನ್ನೆಲೆಯನ್ನು ಮಂಜು ಮಾಡುವುದು ವಾಡಿಕೆ. ಈ ಚಿತ್ರದವರು ಮಂಜು ಮಾಡದೆ ಬಣ್ಣದ ಪದರಗಳನ್ನು ಸರಿಸಿದರು. ನೆರಳಿರುವ ಕಡೆ ಮುದ್ರಣದ ಚುಕ್ಕಿ, ಗೀಟು ಹಾಕಿದರು. ವೇಗದ ಚಲನೆಯಲ್ಲಿ ಸಾಮಾನ್ಯವಾಗಿ ಬರುವ ಮಸುಕನ್ನೂ ತೆಗೆದರು, ಹಾಗಾಗಿ ಯಾವ ಫ್ರೇಮ್ ನಿಲ್ಲಿಸಿದರೂ ಅಚ್ಚುಹಾಕಿದ ಪುಟದಂತೆ ಸ್ಪಷ್ಟ. ಫೋಕಸ್‌ನಲ್ಲಿರುವ ಮುಖದಲ್ಲಿ ಬಣ್ಣದ ಪದರಗಳು ಕೂಡಿಕೊಂಡಿರುತ್ತವೆ, ಹಿನ್ನೆಲೆಯಲ್ಲಿ ಮಾತ್ರ ಬಿಟ್ಟುಕೊಂಡಿರುತ್ತವೆ; ಮುಂದಿನ ಸಲ ಮುಖವನ್ನಷ್ಟೇ ಹಿಂಬಾಲಿಸಿದರೆ ಕಣ್ಣಿಗೆ ತ್ರಾಸವಾಗದು.

ಎರಡನೆಯ ಚಿತ್ರದಲ್ಲಿ ಭಾರತೀಯ ಸ್ಪೈಡರ್-ಮ್ಯಾನ್ ಪವಿತ್ರ್ ಪ್ರಭಾಕರನ ‘ಮುಂಬಟ್ಟನ್’ ನಗರಕ್ಕೆ ನಮ್ಮ ಇಂದ್ರಜಾಲ ಕಾಮಿಕ್ಸ್‌ನ ಬಣ್ಣ, ಗೆರೆಗಳಿಂದ ಪ್ರೇರಣೆ ಪಡೆದಿದ್ದಾರೆ. ಆ ಪುಸ್ತಕಗಳನ್ನು ಕನ್ನಡದಲ್ಲಿ ಓದಿ ಬೆಳೆದವರಿಗೆ ಆ ದೃಶ್ಯಗಳಲ್ಲಿ ಹಳೆಯ ಪರಿಚಯವೊಂದು ಸಿಗುತ್ತದೆ.

ಪ್ರಶ್ನೆ: ಜಗನ್ಮೋಹನ ಅರಮನೆಯ ದೀಪದ ಚಿತ್ರದ ಮುಂದೆ ನನಗೆ ಕಣ್ಣು ತುಂಬಿ ಬಂತು. ನಮ್ಮಜ್ಜಿ ಗಾಳಿಗೆ ದೀಪ ಆರದ ಹಾಗೆ ಹೀಗೆಯೇ ಕೈ ಅಡ್ಡ ಹಿಡಿಯುತ್ತಿದ್ದರು. ಜೊತೆಗಿದ್ದವರು, “ಅದು ರವಿವರ್ಮನ ಚಿತ್ರ, ಹಿಂದೆ ಬಲ್ಬ್ ಇಟ್ಟಿದ್ದಾರೆ” ಎಂದರು. ನಿಜವೇ? ನಿಜವಾದರೆ ನನಗೆ ಮೋಸವಾದಂತೆ ಅನ್ನಿಸುತ್ತದೆ.
– ನಿವೃತ್ತ ಶಿಕ್ಷಕಿ, ಅರಸೀಕೆರೆ

ಉತ್ತರ: ಎರಡೂ ನಿಜವಲ್ಲ, ಅಮ್ಮ. ಚಿತ್ರಕಾರ ಸಾವಳಾರಾಮ್ ಲಕ್ಷ್ಮಣ ಹಲ್ದಣಕರ್. ‘ಗ್ಲೋ ಆಫ್ ಹೋಪ್’ ಎಂದು ಹೆಸರಾದ ಈ ಚಿತ್ರಕ್ಕೆ ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಅದೇ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಹೆಸರು ಅದಲುಬದಲಾಗಿ ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಹಿಂದೆ ಬಲ್ಬ್ ಇಲ್ಲ. ಇದು ಕಾಗದದ ಮೇಲಿನ ಜಲವರ್ಣ. ಎಣ್ಣೆಬಣ್ಣ ಎಂದು ತಿಳಿದವರೇ ಹೆಚ್ಚು, ಆದ್ದರಿಂದ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಸೋಜಿಗವಿರುವುದೇ ಅಲ್ಲಿ.

ಎಣ್ಣೆಬಣ್ಣದಲ್ಲಿ ಬೆಳಕನ್ನು ಕೊನೆಗೆ ಬಿಳಿ ಬಣ್ಣವಾಗಿ ಮೇಲಿಡಬಹುದು. ಶುದ್ಧ ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಎಲ್ಲಿ ಉರಿ ಬೇಕೋ ಅಲ್ಲಿ ಮೊದಲ ಗಳಿಗೆಯಿಂದ ಕಾಗದವನ್ನು ಕಾಪಾಡಿಕೊಳ್ಳಬೇಕು. ಒಮ್ಮೆ ಬಣ್ಣ ಹರಿದು ಒಳನುಗ್ಗಿದರೆ ಆ ಬೆಳಕು ಪೂರ್ತಿಯಾಗಿ ಮರಳದು. ಉರಿಯ ಸುತ್ತ ತೆಳು ಹಳದಿ, ಆಮೇಲೆ ಕಿತ್ತಳೆ, ಆಮೇಲೆ ಕಂದು, ಕೊನೆಗೆ ಕತ್ತಲು, ಹೀಗೆ ಪದರದ ಮೇಲೆ ಪದರ ತೊಳೆದಂತೆ ಹಾಕುತ್ತ, ಒಂದು ಪದರದ ಅಂಚು ಒಣಗಿ ಗೆರೆಯಾಗುವ ಮೊದಲೇ ಒದ್ದೆ ಕುಂಚದಿಂದ ಅದನ್ನು ಕರಗಿಸಬೇಕು.

ಕಾಗದ ಹೊಳೆಯುವಂತೆ ಕಾಣುವುದು ಹೇಗೆ? ನಿಜವಾದ ದೀಪದ ಉರಿಗೂ ಕೋಣೆಯ ಮೂಲೆಯ ಕತ್ತಲಿಗೂ ಬೆಳಕಿನ ಅಂತರ ಸಾವಿರಾರು ಪಟ್ಟು. ಬಿಳಿ ಕಾಗದಕ್ಕೂ ಕಡುಗಪ್ಪು ಜಲವರ್ಣಕ್ಕೂ ಇರುವುದು ಇಪ್ಪತ್ತು ಪಟ್ಟಿನ ಆಸುಪಾಸು. ಈ ಕೊರತೆಯನ್ನು ನಮ್ಮ ಕಣ್ಣಿನ ಒಂದು ಗುಣ ತುಂಬಿಕೊಡುತ್ತದೆ: ಬಿಳಿಯ ಸುತ್ತ ಬಣ್ಣ ಹಂತಹಂತವಾಗಿ ಕಪ್ಪಾಗುತ್ತ ಹೋದರೆ ಆ ಬಿಳಿ ಬೆಳಕು ಬೀರುವಂತೆ ಕಾಣುತ್ತದೆ, ಅದೇ ಬಿಳಿಯ ಸುತ್ತ ಕಡಿದಾದ ಅಂಚಿದ್ದರೆ ಬರಿಯ ಕಾಗದದ ಚೂರು. ಮನೆಯಲ್ಲಿ ಚಿತ್ರದ ಅಚ್ಚುಪ್ರತಿ ಇದ್ದರೆ, ಕಪ್ಪು ರಟ್ಟಿನಲ್ಲಿ ಮೂರು ಮಿಲಿಮೀಟರ್ ತೂತು ಮಾಡಿ ಉರಿಯ ಮೇಲಿಟ್ಟು ನೋಡಿ. ಸುತ್ತಲಿನದು ಮುಚ್ಚಿದಾಗ ಉರಿಯ ಜಾಗದಲ್ಲಿ ಕೆನೆಬಣ್ಣದ ಚುಕ್ಕೆ ಮಾತ್ರ ಉಳಿಯುತ್ತದೆ. ರಟ್ಟು ತೆಗೆದ ತಕ್ಷಣ ಮತ್ತೆ ದೀಪ.

ಇನ್ನು ನಿಮ್ಮ ಅಜ್ಜಿಯ ಕೈ. ಉರಿಗೆ ಅಡ್ಡವಾದ ಬೆರಳುಗಳ ಸಂದಿನಲ್ಲಿ, ಅಂಚಿನಲ್ಲಿ ಕೆಂಪು ಕಾಣುತ್ತದೆ. ಮಾಂಸದ ಮೂಲಕ ಬೆಳಕು ಹಾಯುವಾಗ ರಕ್ತ ನೀಲಿ-ಹಸಿರನ್ನು ಹೀರಿ ಕೆಂಪನ್ನು ಬಿಡುತ್ತದೆ. ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟರೆ ಗೊತ್ತಾಗುತ್ತದೆ. ಹಲ್ದಣಕರ್ ಇದನ್ನು ಕಂಡು ಬರೆದಿದ್ದಾರೆ. ಆ ಕೆಂಪು ಇಲ್ಲದಿದ್ದರೆ ಕೈ ದೀಪದ ಮುಂದಿನ ನೆರಳಾಗುತ್ತಿತ್ತು. ಇದ್ದುದರಿಂದ ಕೈಯೊಳಗೆ ಬಿಸಿ ಇದೆ, ಜೀವ ಇದೆ. ಅಜ್ಜಿ ನೆನಪಾದದ್ದು ಆ ಕೈಯಿಂದ. ಅದರಲ್ಲಿ ಮೋಸವೇನೂ ಇಲ್ಲ.

ಮತ್ತೆ ಹೋದಾಗ ಹೊರಗಿನ ಬಿಸಿಲಿನಿಂದ ನೇರವಾಗಿ ಚಿತ್ರದ ಮುಂದೆ ನಿಲ್ಲಬೇಡಿ. ಆ ಮಬ್ಬುಗತ್ತಲಲ್ಲಿ ಐದು ನಿಮಿಷ ಕಣ್ಣು ಹೊಂದಿಕೊಳ್ಳಲಿ, ಆಮೇಲೆ ಸೀರೆಯ ನೆರಿಗೆಯ ನೆರಳುಗಳು ಒಂದೊಂದೇ ಬಿಚ್ಚಿಕೊಳ್ಳುತ್ತವೆ. ಚೌಕಟ್ಟಿನ ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಅಡ್ಡಬಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಪ್ರಶ್ನೆ: ಸ್ಥಿರಚಿತ್ರವೊಂದು ಅಲುಗಿದಂತೆ ಕಾಣುವುದೂ ಇದೇ ಕಾರಣಕ್ಕೋ?
– ಓದುಗರು, ಉಡುಪಿ

ಉತ್ತರ: ಇಲ್ಲ, ಅದಕ್ಕೆ ಹೆಚ್ಚುಕಡಿಮೆ ವಿರುದ್ಧವಾದ ಕಾರಣ. ಕ್ಲೋಡ್ ಮೊನೆಯ ‘ಇಂಪ್ರೆಷನ್, ಸನ್‌ರೈಸ್’ (1872, ಪ್ಯಾರಿಸ್ಸಿನ ಮಾರ್ಮೊತಾನ್ ಮ್ಯೂಸಿಯಂ) ಚಿತ್ರವನ್ನು ಮೊಬೈಲಿನಲ್ಲಿ ತೆರೆಯಿರಿ. ಕಿತ್ತಳೆ ಸೂರ್ಯ ಮಿಡಿಯುವಂತಿದೆ. ಈಗ ಎಡಿಟ್‌ನಲ್ಲಿ ಸ್ಯಾಚುರೇಷನ್ ಪೂರ್ತಿ ಇಳಿಸಿ. ಕಪ್ಪುಬಿಳುಪಿನಲ್ಲಿ ಸೂರ್ಯ ಬಹುಮಟ್ಟಿಗೆ ಮಾಯ! ಸುತ್ತಲ ಆಕಾಶದಷ್ಟೇ ಅದರ ಬೆಳಕು, ಬೇರೆಯಿರುವುದು ಬಣ್ಣ ಮಾತ್ರ. ವಸ್ತು ಎಲ್ಲಿದೆ ಎಂದು ಗುರುತಿಸುವ ಕಣ್ಣಿನ ವ್ಯವಸ್ಥೆ ಬೆಳಕಿನ ಅಂತರವನ್ನು ನೆಚ್ಚಿಕೊಂಡಿದೆ; ಅಂತರ ಸಿಗದಿದ್ದಾಗ ಸ್ಥಾನ ಗಟ್ಟಿಯಾಗುವುದಿಲ್ಲ, ಸೂರ್ಯ ನಡುಗುತ್ತದೆ. ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಕೊಟ್ಟ ವಿವರಣೆ ಇದು. ಹಲ್ದಣಕರ್ ಅವರ ಚಿತ್ರಕ್ಕೆ ಇದೇ ಪರೀಕ್ಷೆ ಮಾಡಿ: ಉರಿ ಕಪ್ಪುಬಿಳುಪಿನಲ್ಲೂ ಉರಿಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ‘ಅಕ್ರಾಸ್ ದ ಸ್ಪೈಡರ್-ವರ್ಸ್’ ಕನ್ನಡದಲ್ಲಿ ಮಗಳ ಜೊತೆ ನೋಡಿದೆ. ಸ್ಪೈಡರ್-ಹುಡುಗಿ ಗ್ವೆನ್ ಮತ್ತು ಅವಳ ಅಪ್ಪ ಮಾತನಾಡುವಾಗ ಮನೆಯ ಗೋಡೆಯೇ ಕರಗಿ ಇಳಿದಂತಿತ್ತು. ನನ್ನ ಮನಸ್ಸು ಕಲಕಿದ್ದು ಮಾತಿಗೋ ಬಣ್ಣಕ್ಕೋ ಗೊತ್ತಾಗಲಿಲ್ಲ.
– ಗೃಹಿಣಿ, ಪುಣೆ

ಉತ್ತರ: ಎರಡನ್ನೂ ಬೇರ್ಪಡಿಸಿ ನೋಡುವ ಉಪಾಯವಿದೆ, ಕೊನೆಯಲ್ಲಿ ಹೇಳುತ್ತೇವೆ.

ಗ್ವೆನ್‌ಳ ಲೋಕವನ್ನು ಜಲವರ್ಣದಂತೆ ಕಟ್ಟಿದ್ದಾರೆ. 2014ರಲ್ಲಿ ಶುರುವಾದ ಅವಳ ಕಾಮಿಕ್ಸ್‌ಗೆ ರಾಬಿ ರಾಡ್ರಿಗಸ್ ಚಿತ್ರ ಬರೆದರು, ರಿಕೊ ರೆಂಜಿ ಬಣ್ಣ ಕೊಟ್ಟರು. ಆ ಪುಸ್ತಕದ ಗುಲಾಬಿ, ನೇರಳೆ, ತಿಳಿನೀಲಿಗಳೇ ಇಲ್ಲಿಯ ಬೇರು. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಇಟ್ಟರೆ ಅದು ತನ್ನ ಪಾಡಿಗೆ ಹರಡುತ್ತದೆ, ಇಳಿಜಾರಾದರೆ ಸೋರುತ್ತದೆ. ಈ ಗುಣವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಮಾತಿನ ಭಾವ ಬದಲಾದ ಹಾಗೆ ಗೋಡೆಯ ಬಣ್ಣವನ್ನೂ ಬದಲಿಸಿದ್ದಾರೆ. ಗಮನಿಸಬೇಕಾದ ಇನ್ನೊಂದು ಸಂಗತಿ, ಮಾತು ಬಿಸಿಯಾದಂತೆ ಕೋಣೆಯ ಸಾಮಾನುಗಳ ಗೆರೆಗಳು ಕಡಿಮೆಯಾಗುತ್ತವೆ, ಉಳಿಯುವುದು ಇಬ್ಬರು ಮನುಷ್ಯರು ಮತ್ತು ಬಣ್ಣ. ನಾವು ಜಗಳದಲ್ಲಿರುವಾಗ ಸೋಫಾ ಎಲ್ಲಿತ್ತು, ಕಿಟಕಿ ತೆರೆದಿತ್ತೇ ಎಂಬುದು ಕಣ್ಣಿಗೆ ಬೀಳುವುದಿಲ್ಲವಲ್ಲ, ಅದನ್ನೇ ಚಿತ್ರ ಮಾಡುತ್ತದೆ.

ಈ ಜಾಗದಲ್ಲಿ ಮಾತಿನ ಪಾಲು ಸಣ್ಣದೇನಲ್ಲ. ಮೊದಲ ಭೇಟಿಯಲ್ಲಿ ಅಪ್ಪ ಪೊಲೀಸ್ ಅಧಿಕಾರಿಯಾಗಿ ಮಗಳ ಮೇಲೆ ಬಂದೂಕು ಹಿಡಿಯುತ್ತಾನೆ. ಕೊನೆಯ ಭೇಟಿಯಲ್ಲಿ ತಾನು ಕೆಲಸ ಬಿಟ್ಟದ್ದನ್ನು ಹೇಳುತ್ತಾನೆ. ಬಣ್ಣ ಆ ಎರಡು ಭೇಟಿಗಳನ್ನು ಹೊಲಿಯುತ್ತದೆ. ಆ ಎರಡು ದೃಶ್ಯಗಳನ್ನು ಒಂದಾದ ಮೇಲೊಂದು, ಮೊದಲು ಸದ್ದು ಆಫ್ ಮಾಡಿ ನೋಡಿ, ಆಮೇಲೆ ಪರದೆಗೆ ಬೆನ್ನು ಮಾಡಿ ಕೇಳಿಸಿಕೊಳ್ಳಿ. ಯಾವ ಸಲ ಎದೆ ಭಾರವಾಯಿತು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಮಗಳಿಗೂ ಮಾಡಿಸಿ, ಅವಳದು ಬೇರೆ ಬರಬಹುದು.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಆ ಚಿತ್ರ ತೋರಿಸಬಹುದೇ?
– ಓದುಗರು, ಮಂಡ್ಯ

ಉತ್ತರ: ತೋರಿಸಬಹುದು, ಆದರೆ 140 ನಿಮಿಷ ಒಂದೇ ಸಲಕ್ಕೆ ಬೇಡ. ಕಥೆ ಮುಗಿಯದೆ ‘ಮುಂದುವರಿಯುವುದು’ ಎಂದು ನಿಲ್ಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ. ಮಿನುಗುವ ಬೆಳಕಿನ ದೃಶ್ಯಗಳು ಬಹಳ. ಅಪಸ್ಮಾರದ ತೊಂದರೆಯಿರುವ ಮಗುವಾದರೆ ವೈದ್ಯರನ್ನು ಕೇಳದೆ ತೋರಿಸಬೇಡಿ.

ಪ್ರಶ್ನೆ: ಎಲ್ಲರೂ ಹೊಗಳುವ ‘ಲವಿಂಗ್ ವಿನ್ಸೆಂಟ್’ ನೋಡಿದೆ. ಅರ್ಧ ಗಂಟೆಗೆ ಕಣ್ಣು ದಣಿಯಿತು, ಕಥೆ ಮನಸ್ಸಿಗೆ ಇಳಿಯಲಿಲ್ಲ. ನನ್ನ ರಸಿಕತೆಯಲ್ಲೇ ಕೊರತೆಯೋ?
– ಬ್ಯಾಂಕ್ ಉದ್ಯೋಗಿ, ಕಲಬುರಗಿ

ಉತ್ತರ: ಕೊರತೆ ಇಲ್ಲ, ನಿಮ್ಮ ಕಣ್ಣು ಸರಿಯಾಗಿಯೇ ವರದಿ ಮಾಡಿದೆ. 2017ರ ಈ ಚಿತ್ರದಲ್ಲಿ ಸುಮಾರು 65,000 ಫ್ರೇಮುಗಳನ್ನು 125 ಕಲಾವಿದರು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬಿಡಿಸಿದರು, ಸೆಕೆಂಡಿಗೆ 12ರಂತೆ. ನಟರ ಅಭಿನಯವನ್ನು ಮೊದಲು ಕ್ಯಾಮೆರಾದಲ್ಲಿ ಹಿಡಿದು ಅದರ ಮೇಲೆ ಚಿತ್ರ ಬರೆದರು. ಒಂದು ಶಾಟ್‌ಗೆ ಒಂದು ಕ್ಯಾನ್ವಾಸ್: ಮೊದಲ ಫ್ರೇಮ್ ಪೂರ್ತಿ ಬಿಡಿಸಿ ಫೋಟೊ ತೆಗೆದು, ಬದಲಾಗಬೇಕಾದ ಭಾಗವನ್ನು ಕೆರೆದು ಮತ್ತೆ ಬಿಡಿಸಿ ಮತ್ತೆ ಫೋಟೊ. ಹಾಗಾಗಿ ಪ್ರತಿ ಶಾಟ್‌ನ ಕೊನೆಯ ಫ್ರೇಮ್ ಮಾತ್ರ ಕ್ಯಾನ್ವಾಸಿನಲ್ಲಿ ಉಳಿದಿದೆ.

ದಣಿವು ಇಲ್ಲಿಂದಲೇ ಹುಟ್ಟುತ್ತದೆ. ಮನುಷ್ಯ ಸುಮ್ಮನೆ ಕುಳಿತಿದ್ದರೂ ಅವನ ಕೋಟಿನ ಮೇಲಿನ ಕುಂಚದ ಗೀಟುಗಳು ಸೆಕೆಂಡಿಗೆ ಹನ್ನೆರಡು ಸಲ ಹೊಸದಾಗುತ್ತವೆ, ಎರಡನೆಯ ಸಲ ಅದೇ ಜಾಗದಲ್ಲಿ ಬೀಳುವುದಿಲ್ಲ. ಕುದಿಯುವಂತೆ ಕಾಣುವ ಇದನ್ನು ಆನಿಮೇಷನ್‌ನವರು ‘ಬಾಯ್ಲಿಂಗ್’ ಎನ್ನುತ್ತಾರೆ. ಎಲ್ಲಿ ನೋಡಬೇಕು ಎಂದು ಕಣ್ಣಿಗೆ ತಿಳಿಯುವುದಿಲ್ಲ, ಎಲ್ಲವೂ ಕರೆಯುತ್ತಿರುತ್ತದೆ. ಹಿಂದಿನ ಕಥೆ ಹೇಳುವ ಕಪ್ಪುಬಿಳುಪು ಭಾಗಗಳು ಬಂದಾಗ ನಿಮಗೆ ಹಾಯೆನ್ನಿಸಿದ್ದರೆ ಅದಕ್ಕೆ ಇದೇ ಕಾರಣ.

ಕಥೆಯ ವಿಷಯದಲ್ಲಿ ನಮ್ಮದೂ ನಿಮ್ಮ ಪಕ್ಷ. ಅಂಚೆಯವನ ಮಗ ಆರ್ಮಾಂಡ್ ರೂಲಾಂ ವ್ಯಾನ್ ಗೋ ಬರೆದ ಕೊನೆಯ ಪತ್ರ ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸುತ್ತ ಹೋಗುವ ಪತ್ತೇದಾರಿ ಕಟ್ಟು ಆ ಬಣ್ಣಗಳಿಗೆ ಹೊಂದುವುದಿಲ್ಲ. ಮಾತು ನಡೆಯುವಾಗ ಚಿತ್ರ ಕಾಯುತ್ತದೆ, ಚಿತ್ರ ಅರಳುವಾಗ ಮಾತು ಅಡ್ಡ ಬರುತ್ತದೆ. ಮತ್ತೊಮ್ಮೆ ನೋಡುವ ಮನಸ್ಸಿದ್ದರೆ ಪರದೆಯ ಅಗಲದ ಎರಡು-ಎರಡೂವರೆ ಪಟ್ಟು ದೂರ ಕುಳಿತು, ಕೋಣೆಯಲ್ಲಿ ಒಂದು ಸಣ್ಣ ದೀಪ ಉರಿಸಿ, ಮೂವತ್ತು ನಿಮಿಷದ ಕಂತುಗಳಲ್ಲಿ ನೋಡಿ.

ಅಲ್ಲದೆ ಅಲೆಕ್ಸಾಂಡರ್ ಪೆತ್ರೊವ್ ಅವರ ‘ದ ಓಲ್ಡ್ ಮ್ಯಾನ್ ಅಂಡ್ ದ ಸೀ’ (1999) ನೋಡಿ. ಇಪ್ಪತ್ತು ನಿಮಿಷದ ಚಿತ್ರ, 29,000ಕ್ಕೂ ಹೆಚ್ಚು ಫ್ರೇಮ್, ಗಾಜಿನ ಮೇಲೆ ಎಣ್ಣೆಬಣ್ಣವನ್ನು ಹೆಚ್ಚಾಗಿ ಬೆರಳ ತುದಿಯಿಂದಲೇ ಸರಿಸಿ ಮಾಡಿದ್ದು. ಸಮುದ್ರ, ಮೀನು, ಮುದುಕ ಒಂದರೊಳಗೊಂದು ಕರಗುವುದು ಅಲ್ಲಿ ಕಥೆಗೇ ಬೇಕಾದದ್ದು. ಚಲಿಸುವ ವರ್ಣಚಿತ್ರ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಗೊತ್ತಿಲ್ಲ.

ಪ್ರಶ್ನೆ: ಕಾಲೇಜಿನ ಗೋಡೆಪತ್ರಿಕೆಗೆ ಸಿನಿಮಾ ಬಗ್ಗೆ ಮುನ್ನೂರು ಪದ ಬರೆಯಬೇಕು. ‘ಮನಮುಟ್ಟಿತು’ ಎಂದ ಮೇಲೆ ನನ್ನ ಬಳಿ ಪದವೇ ಉಳಿಯುವುದಿಲ್ಲ.
– ವಿದ್ಯಾರ್ಥಿನಿ, ಶಿರಸಿ

ಉತ್ತರ: ನೋಡಿ ಮುಗಿಸಿದ ಹತ್ತು ನಿಮಿಷದೊಳಗೆ, ಯಾರೊಂದಿಗೂ ಮಾತನಾಡುವ ಮೊದಲು, ಕಣ್ಣಿಗೆ ಕಟ್ಟಿದ ಮೂರು ಸಂಗತಿಗಳನ್ನು ಬರೆದಿಡಿ. ‘ಅದ್ಭುತ’, ‘ಸುಂದರ’ ಮುಂತಾದ ಪದ ಅಲ್ಲಿ ಬರಕೂಡದು. ‘ಗಾಜಿನ ಚೂರು ಬೆರಳಿಗೆ ಅಂಟಿತ್ತು’, ಈ ಥರ. ಆಮೇಲೆ ಮೈಯಲ್ಲಿ ಏನಾಯಿತು ಎಂದು ಒಂದು ಸಾಲು: ಉಸಿರು ಹಿಡಿದೆನೇ, ನಗು ಬಂತೇ, ಗಡಿಯಾರ ನೋಡಿದೆನೇ. ಮಾರನೆಯ ದಿನ ಆ ಕ್ಷಣಕ್ಕೂ ಮೂವತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ನೋಡಿ. ಕಾರಣ ಬಹಳ ಸಲ ಆ ಕ್ಷಣದಲ್ಲಿ ಇರುವುದಿಲ್ಲ, ಅದರ ಹಿಂದಿನ ಮೌನದಲ್ಲೋ ಒಂದು ವಸ್ತುವಿನಲ್ಲೋ ಇರುತ್ತದೆ.

ಬರೆದ ಪ್ರತಿ ವಾಕ್ಯಕ್ಕೂ ಒಂದು ಪರೀಕ್ಷೆ: ಚಿತ್ರದ ಹೆಸರು ಬದಲಾಯಿಸಿದರೂ ವಾಕ್ಯ ಹೊಂದುತ್ತದೆಯೇ? ‘ಹಿನ್ನೆಲೆ ಸಂಗೀತ ದೃಶ್ಯಕ್ಕೆ ಜೀವ ತುಂಬಿದೆ’ ಯಾವ ಚಿತ್ರಕ್ಕಾದರೂ ಹೊಂದುತ್ತದೆ, ಹೊಡೆದುಹಾಕಿ. ‘ಅಪ್ಪ ಬಾಗಿಲಾಚೆ ಮಾತನಾಡುವಾಗ ನಾವು ಮಗನ ಮುಖವನ್ನೇ ನೋಡುತ್ತಿರುತ್ತೇವೆ, ಅವನ ಬಾಯಿ ಮುಚ್ಚಿದೆ’ ಒಂದೇ ಚಿತ್ರಕ್ಕೆ ಹೊಂದುತ್ತದೆ, ಅದನ್ನು ಉಳಿಸಿ. ಮುನ್ನೂರು ಪದದಲ್ಲಿ ಕಥಾಸಾರಕ್ಕೆ ನಲವತ್ತಕ್ಕಿಂತ ಹೆಚ್ಚು ಕೊಡಬೇಡಿ.

ಪ್ರಶ್ನೆ: ಪೆತ್ರೊವ್ ಮಾಡುವ ಹಾಗೆ ಗಾಜಿನ ಮೇಲೆ ಬಣ್ಣ ಸರಿಸಿ ಮೊಬೈಲಿನಲ್ಲಿ ಐದು ಸೆಕೆಂಡಿನ ಚಲಿಸುವ ಚಿತ್ರ ಮಾಡಬೇಕೆಂದಿದ್ದೇನೆ. ಏನೇನು ಬೇಕು, ಎಲ್ಲಿ ಕೆಡುತ್ತದೆ?
– ಚಿತ್ರಕಲಾ ಶಿಕ್ಷಕ, ಬಾಗಲಕೋಟೆ

ಉತ್ತರ: ಐದು ಮಿಲಿಮೀಟರ್ ದಪ್ಪದ, 12×16 ಇಂಚಿನ ಗಾಜು. ಕೊಳ್ಳುವಾಗಲೇ ಅಂಚು ಉಜ್ಜಿಸಿಕೊಳ್ಳಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಎರಡು ಮರದ ದಿಮ್ಮಿಗಳ ಮೇಲೆ ಎಂಟು-ಹತ್ತು ಇಂಚು ಎತ್ತರಕ್ಕೆ ಗಾಜನ್ನು ಇಡಿ. ಕೆಳಗೆ ಬಿಳಿ ಹಾಳೆ ಹಾಸಿ 9 ವಾಟ್ ಎಲ್‌ಇಡಿ ಬಲ್ಬನ್ನು ಆ ಹಾಳೆಯ ಕಡೆಗೆ ತಿರುಗಿಸಿ. ಬಲ್ಬನ್ನು ನೇರ ಗಾಜಿನ ಕಡೆಗೆ ತಿರುಗಿಸಿದರೆ ನಡುವೆ ಮಾತ್ರ ಬೆಳ್ಳಗೆ, ಮೂಲೆಗಳು ಕಪ್ಪು. ಗಾಜಿನಡಿಗೆ ಒಂದು ಬಟರ್ ಪೇಪರ್ ಅಂಟಿಸಿದರೆ ಬೆಳಕು ಇನ್ನೂ ಸಮನಾಗುತ್ತದೆ. ಮೊಬೈಲ್ ಗಾಜಿನಿಂದ 40-50 ಸೆಂಟಿಮೀಟರ್ ಮೇಲೆ, ಲೆನ್ಸ್ ನೇರ ಕೆಳಗೆ. ಸ್ಟ್ಯಾಂಡಿನ ಕಾಲು, ಗಾಜಿನ ನಾಲ್ಕು ಮೂಲೆ ಎಲ್ಲವನ್ನೂ ಟೇಪಿನಿಂದ ಬಿಗಿಯಿರಿ.

ಬಣ್ಣ ಸಾಧಾರಣ ಎಣ್ಣೆಬಣ್ಣವೇ ಸಾಕು. ಹುಣಸೆಬೀಜದಷ್ಟು ಬಣ್ಣಕ್ಕೆ ಲವಂಗದ ಎಣ್ಣೆ ಒಂದು ಹನಿ ಬೆರೆಸಿದರೆ ಒಣಗುವುದು ನಿಧಾನವಾಗುತ್ತದೆ. ಹೆಚ್ಚಾದರೆ ಬಣ್ಣ ನೀರಾಗಿ ಗಾಜಿನ ಮೇಲೆ ನಿಲ್ಲುವುದಿಲ್ಲ. ಮಕ್ಕಳ ಜೊತೆ ಮಾಡುವುದಾದರೆ ಪೋಸ್ಟರ್ ಬಣ್ಣಕ್ಕೆ ಗ್ಲಿಸರಿನ್, ಒಂದು ಚಮಚ ಬಣ್ಣಕ್ಕೆ ನಾಲ್ಕೈದು ಹನಿ. ಬೆರಳಿನಿಂದ ಸರಿಸುವಾಗ ನೈಟ್ರೈಲ್ ಕೈಗವಸು ಹಾಕಿ, ಕ್ಯಾಡ್ಮಿಯಂ ಅಥವಾ ಸೀಸ ಇರುವ ಬಣ್ಣ ಬೇಡವೇ ಬೇಡ.

ಹೊಸಬರು ಎಡವುವುದು ಬಿಳಿಯ ವಿಷಯದಲ್ಲಿ. ಬೆಳಕು ಕೆಳಗಿನಿಂದ ಬರುವುದರಿಂದ ಬಿಳಿ ಬಣ್ಣ ದಪ್ಪಗೆ ಹಚ್ಚಿದರೆ ಬೂದಿಯಾಗಿ, ಕಪ್ಪಾಗಿ ಕಾಣುತ್ತದೆ. ಬೆಳಕನ್ನು ತಡೆಯುವುದೆಲ್ಲ ಇಲ್ಲಿ ಕತ್ತಲೆಯೇ. ಬೆಳಕು ಬೇಕಾದ ಕಡೆ ಬಣ್ಣವನ್ನು ಒರೆಸಿ ತೆಗೆಯಬೇಕು. ಹಲ್ದಣಕರ್ ಕಾಗದವನ್ನು ಉಳಿಸಿದ ಹಾಗೆ ನೀವು ಗಾಜನ್ನು ಉಳಿಸಬೇಕು. ತೊಗಲುಗೊಂಬೆ ಮಾಡುವವರಿಗೆ ಇದು ಹಳೆಯ ವಿದ್ಯೆ: ಹದಮಾಡಿ ಪಾರದರ್ಶಕವಾಗಿಸಿದ ಚರ್ಮಕ್ಕೆ ಬೆಳಕು ಹಾಯುವ ಬಣ್ಣ ಕೊಡುತ್ತಾರೆ, ಒಡವೆಯ ಹೊಳಪು ಬೇಕಾದ ಕಡೆ ಸಣ್ಣ ತೂತು ಕೊರೆಯುತ್ತಾರೆ. ನಿಮ್ಮ ಜಿಲ್ಲೆಯ ಸುತ್ತಮುತ್ತ ಆಡುವ ತಂಡ ಸಿಕ್ಕರೆ ಪರದೆಯ ಹಿಂದೆ ನಿಂತು ಗೊಂಬೆಯನ್ನು ದೀಪಕ್ಕೆ ಹಿಡಿದು ನೋಡಿ, ಮಕ್ಕಳಿಗೂ ತೋರಿಸಿ.

ಸೆಕೆಂಡಿಗೆ 12ರಂತೆ ಐದು ಸೆಕೆಂಡಿಗೆ 60 ಚಿತ್ರ. ಒಂದಕ್ಕೆ ನಾಲ್ಕು ನಿಮಿಷ ಹಿಡಿದರೂ ನಾಲ್ಕು ಗಂಟೆ. ನಡುವೆ ನಿಲ್ಲಿಸಿ ಮಾರನೆಯ ದಿನ ಮುಂದುವರಿಸಿದರೆ ಬಣ್ಣದ ಹದ ಬದಲಾಗಿ ಕಣ್ಣಿಗೆ ಹೊಡೆಯುತ್ತದೆ, ಒಂದೇ ಕೂರುವಿಕೆಯಲ್ಲಿ ಮುಗಿಸಿ. ಹಿಂದಿನ ಚಿತ್ರ ಅಳಿದ ಮೇಲೆ ಹಿಂತಿರುಗಲು ದಾರಿಯಿಲ್ಲದ್ದರಿಂದ, ಹಕ್ಕಿಯೋ ಮೀನೋ ಹೋಗಬೇಕಾದ ದಾರಿಯನ್ನು ಗಾಜಿನ ಪಕ್ಕದಲ್ಲಿ ಬೇರೆ ಹಾಳೆಯ ಮೇಲೆ ಬರೆದು, ಹನ್ನೆರಡು ಹನ್ನೆರಡರ ಗುರುತು ಹಾಕಿಕೊಳ್ಳಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಮೂರರಿಂದ ಐದು ಮಿಲಿಮೀಟರ್ ಸರಿಸಿ. ಶುರುವಿನಲ್ಲೂ ನಿಲ್ಲುವಲ್ಲೂ ಒಂದೊಂದೇ ಮಿಲಿಮೀಟರ್.

ಓಡಿಸಿದಾಗ ಚಿತ್ರ ಮಿನುಗಿದರೆ ಕಾರಣ ಹೆಚ್ಚಾಗಿ ಮೊಬೈಲೇ. ಪ್ರತಿ ಫೋಟೊಗೂ ಅದು ಬೆಳಕು, ಬಣ್ಣ, ಫೋಕಸ್ ಹೊಸದಾಗಿ ಲೆಕ್ಕ ಹಾಕುತ್ತದೆ. ಮೂರನ್ನೂ ಲಾಕ್ ಮಾಡುವ ಸ್ಟಾಪ್‌ಮೋಷನ್ ಆ್ಯಪ್ ಬಳಸಿ. ಫೋಟೊದಲ್ಲಿ ಅಡ್ಡಪಟ್ಟಿ ಬಂದರೆ ಶಟರ್ ವೇಗ 1/50 ಅಥವಾ 1/100ಕ್ಕೆ ಇಡಿ, ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ. ಕಿಟಕಿ ಮುಚ್ಚಿ, ಇಲ್ಲವಾದರೆ ಮೋಡ ಬಂದು ಹೋದದ್ದೆಲ್ಲ ಚಿತ್ರದಲ್ಲಿ ಕಾಣುತ್ತದೆ. ಬಿಳಿ ಅಂಗಿ ಗಾಜಿನಲ್ಲಿ ಪ್ರತಿಫಲಿಸುವುದರಿಂದ ಕಪ್ಪು ಬಟ್ಟೆ ಹಾಕಿಕೊಳ್ಳಿ. ಫೋಟೊ ತೆಗೆಯಲು ಮೊಬೈಲ್ ಮುಟ್ಟಬೇಡಿ. ತಂತಿಯ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಬಹಳಷ್ಟು ಫೋನ್‌ಗಳಲ್ಲಿ ಶಟರ್ ಆಗಿ ಕೆಲಸ ಮಾಡುತ್ತದೆ. ವಸ್ತು ಸರಿದ ಮೇಲೆ ಹಳೆಯ ಜಾಗದಲ್ಲಿ ಮಸುಕು ಉಳಿದರೆ ಹತ್ತಿಕಡ್ಡಿಗೆ ಒಂದೇ ಹನಿ ಅಡುಗೆ ಎಣ್ಣೆ ಹಾಕಿ ಒರೆಸಿ, ಒಣ ಕಡ್ಡಿಯಿಂದ ಮತ್ತೊಮ್ಮೆ. ಪೂರ್ತಿ ಅಳಿಸುವುದೂ ಬೇಡ. ಹಕ್ಕಿಯ ಹಿಂದೆ ತೆಳುವಾಗಿ ಉಳಿಯುವ ಆ ಜಾಡು ಗಾಜಿನ ಮೇಲಿನ ಚಿತ್ರಕ್ಕೆ ವಿಶೇಷವಾದದ್ದು, ಎರಡು-ಮೂರು ಚಿತ್ರಗಳವರೆಗೆ ಅದನ್ನು ಬಿಟ್ಟು, ಆಮೇಲೆ ಒರೆಸಿ.